ಪೂಜೆಯಾದ ಪ್ಲಾಸ್ಟಿಕ್ ಬೋಟು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಮೊರಗಳು ತೂಗುತ್ತವೆ. ಒಂದು ಅಕ್ಕಿಗೆ. ಇನ್ನೊಂದಕ್ಕೆ ಈಗ ಕೆಲಸವಿಲ್ಲ. ಮನೆಗೆ ಬಂದ ನೆಂಟರು ಯಾರಾದರೂ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಅದಕ್ಕೆ ಕೈ ಹಾಕಿದರೆ "ಅದಲ್ಲ, ಆಚೆದು" ಎಂದು ತಡೆಯುತ್ತೇನೆ. ಯಾಕೆ, ಹರಿದಿದೆಯಾ ಎಂದು ಕೇಳುತ್ತಾರೆ. ಹರಿದಿಲ್ಲ. ಆ ಮೊರದಲ್ಲಿ ನಾನು ಒಂದು ಕಾಲಕ್ಕೆ ಕೇರುತ್ತಿದ್ದದ್ದು ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು.

ನಗಬೇಡಿ. ಒಂದು ಗೋಣಿಯಷ್ಟು ಇಟ್ಟಿಗೆಯ ರಾಶಿಯಲ್ಲಿ ಬೇಕಾದದ್ದೊಂದನ್ನು ಹುಡುಕಿ ನೋಡಿದವರಿಗೆ ಮಾತ್ರ ನನ್ನ ಬುದ್ಧಿವಂತಿಕೆ ಅರ್ಥವಾದೀತು. ಮೊರಕ್ಕೆ ಹಾಕಿ ನಾಲ್ಕು ಸಲ ಕುಲುಕಿದರೆ ಸಣ್ಣವೆಲ್ಲ ತಳಕ್ಕೆ ಇಳಿಯುತ್ತವೆ, ದೊಡ್ಡವು ಮೇಲೆ ಬರುತ್ತವೆ. ಮೇಲಿನವನ್ನು ಕೈಯಿಂದ ಬಳಿದು ತೆಗೆದರೆ ಆಯಿತು. ಇದನ್ನು ಕಂಡುಹಿಡಿದ ದಿನ ನಾನು ಎಷ್ಟು ಬೀಗಿದ್ದೆನೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಇಟ್ಟಿಗೆಗಳು ನಮ್ಮವಲ್ಲ. ಪಕ್ಕದ ಮನೆಯ ನಸೀಮಕ್ಕನವು. ನಸೀಮಕ್ಕ ಭಟ್ಕಳದವರು. ಅವರ ಯಜಮಾನರಿಗೆ ಇಲ್ಲಿ ಹೊನ್ನಾವರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು, ಹಾಗಾಗಿ ನಮ್ಮ ಕೇರಿಯಲ್ಲಿ ಬಹಳ ವರ್ಷ ಬಾಡಿಗೆಗೆ ಇದ್ದರು. ನಸೀಮಕ್ಕನ ತಮ್ಮ ದುಬೈಯಿಂದ ಕಾರ್ಗೋದಲ್ಲಿ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಕಳಿಸುತ್ತಿದ್ದ. ಕಂಬಳಿ, ಸಾಬೂನು, ಹಾಲಿನ ಪುಡಿ, ಬಾದಾಮಿ; ಅವುಗಳ ಸಂದಿಯಲ್ಲಿ ಪ್ರತಿ ಸಲವೂ ಮಕ್ಕಳಿಗೆಂದು ಒಂದು ಇಟ್ಟಿಗೆಯ ಡಬ್ಬ. ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಹಿರಿಮಗಳು ತಾನೂ ದುಬೈ ಸೇರಿದ ಮೇಲೆ ಆ ಇಟ್ಟಿಗೆಗಳೆಲ್ಲ ಅಟ್ಟದಲ್ಲಿ ಉಳಿದವು. ಒಂದು ದಿನ ಅವರು ಅವನ್ನೆಲ್ಲ ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಸೊಂಟದ ಮೇಲೆ ಇಟ್ಟುಕೊಂಡು ನಮ್ಮ ಜಗಲಿಗೆ ಬಂದರು.

"ಶಾಲಿನಿ, ನಿನ್ನ ಮಗಳಿಗೆ ತಂದೆ ಮಾರಾಯ್ತಿ. ಅಟ್ಟದಲ್ಲಿ ಇಲಿ ಆಡೂದಕ್ಕಿಂತ ಪೂರ್ವಿ ಆಡ್ಲಿ."

ಗಂಟು ಬಿಚ್ಚಿದ್ದೇ ತಡ, ಜಗಲಿಯ ತುಂಬ ಕೆಂಪು, ನೀಲಿ, ಹಳದಿ, ಬಿಳಿ. ಆಗ ಪೂರ್ವಿ ಪ್ರಾಥಮಿಕ ಶಾಲೆಯಲ್ಲಿದ್ದಳು. ಅವಳು ಕಿರುಚಿದ ಸದ್ದಿಗೆ ಜಗಲಿಯ ಮೂಲೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ ನಮ್ಮ ಮಾವ ತಲೆ ಎತ್ತಿ ನೋಡಿದರು.

ಮಾವನ ಬಗ್ಗೆ ಹೇಳಬೇಕು. ಅವರು ಬೋಟಿನ ತಾಂಡೇಲರಾಗಿದ್ದವರು. ಸಮುದ್ರದಲ್ಲಿ ಬೋಟು ಎಲ್ಲಿಗೆ ಹೋಗಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವವರು. ಸ್ವಂತದ್ದೊಂದು ಬೋಟೂ ಇತ್ತು, ಗಂಗಾಪ್ರಸಾದ. ಮಂಡಿನೋವು ಹೆಚ್ಚಾಗಿ, ಮಗ, ಎಂದರೆ ನಮ್ಮ ಯಜಮಾನರು, ವಿದ್ಯುತ್ ಇಲಾಖೆಯ ನೌಕರಿ ಹಿಡಿದ ಮೇಲೆ ಅದನ್ನು ಬೇರೆ ಬಂದರಿನವರಿಗೆ ಮಾರಿದರು. ಕೆಲವು ವರ್ಷಗಳ ನಂತರ ಅಲ್ಲಿಂದ ಬಂದ ಯಾರೋ, ಬೋಟನ್ನು ಒಡೆದು ಮರ ಮಾರಿದರಂತೆ ಎಂದು ಹೇಳಿ ಹೋದರು. ಆ ದಿನ ಮಾವ ಊಟ ಮಾಡಿದರು, ನಿದ್ದೆಯನ್ನೂ ಮಾಡಿದರು. ಮರುದಿನ ಬೆಳಿಗ್ಗೆ ಯಾರಿಗೂ ಬೇಡದ ಒಂದು ಬಲೆ ಹೆಣೆಯಲು ಕೂತರು. ಆ ಬಲೆ ವರ್ಷಗಟ್ಟಲೆ ಮುಗಿಯಲಿಲ್ಲ.

"ಇದೆಂತದಾ ಇದು?" ಮಾವ ಒಂದು ಇಟ್ಟಿಗೆ ಎತ್ತಿ, ಕನ್ನಡಕ ಮೇಲೆ ಸರಿಸಿ ನೋಡಿದರು. "ಮೈಮೇಲೆಲ್ಲ ಗುಳ್ಳೆ ಎದ್ದದೆ. ಕೋಟ್ಲೆ ಆಗದ್ಯಾ ಇದಕ್ಕೆ?"

ಕೋಟ್ಲೆ ಎಂದರೆ ನಮ್ಮಲ್ಲಿ ಸಿಡುಬು. ಪೂರ್ವಿ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಇಟ್ಟಿಗೆಗಳಿಗೆ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು. ನಾಲ್ಕು ಗುಳ್ಳೆಯದು, ಎಂಟು ಗುಳ್ಳೆಯದು. ಚಪ್ಪಟೆಯಾದದ್ದು ಹಪ್ಪಳ, ಓರೆಯಾದದ್ದು ಹಂಚು, ಒಂದೇ ಗುಳ್ಳೆಯ ಪುಟಾಣಿಗಳು ಸಾಸಿವೆ. "ಒಂದು ಮುಷ್ಟಿ ಸಾಸಿವೆ ಈಚೆ ತಳ್ಳು" ಎಂದು ನಮ್ಮ ಯಜಮಾನರು ಜಗಲಿಯಿಂದ ಕೂಗಿದ್ದು ಕೇಳಿ, ನಾನು ನಿಜವಾದ ಸಾಸಿವೆ ಡಬ್ಬ ಹಿಡಿದು ಹೊರಗೆ ಬಂದದ್ದೂ ಉಂಟು.

ಅದು ಮಳೆಗಾಲ. ಬೋಟುಗಳೆಲ್ಲ ದಡ ಹತ್ತಿ ನಿಂತಿರುವ, ಮೀನುಗಾರಿಕೆ ಬಂದ್ ಇರುವ ತಿಂಗಳುಗಳು. ಆ ದಿನಗಳಲ್ಲಿ ನಮ್ಮ ಕೇರಿಯ ಗಂಡಸರಿಗೆ ಮನೆಯಲ್ಲಿ ಎಲ್ಲಿ ಕೂತರೂ ಹೆಂಡತಿಯ ಕಾಲಿಗೆ ಅಡ್ಡವೇ. ಎದುರು ಮನೆಯ ಮಾದೇವಣ್ಣ ಬೋಟಿನಲ್ಲಿ ಕೆಲಸ ಮಾಡುವವನು. ಬೀಡಿಗೆ ಬೆಂಕಿ ಕೇಳಲು ಬಂದವನು ಒಂದು ಭಾನುವಾರ ಹಾಗೇ ಕೂತು ಒಂದು ಲಾರಿ ಕಟ್ಟಿದ. ಮುಂದಿನ ಭಾನುವಾರ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದ. ಔಷಧಿ ಅಂಗಡಿಯ ಕಾಮತರು ಪೂರ್ವಿಯ ಜ್ವರದ ಮಾತ್ರೆ ಕೊಡಲು ಬಂದು ಸಿಕ್ಕಿಬಿದ್ದರು. ನಸೀಮಕ್ಕನಂತೂ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ದಿನವೂ ಹಾಜರಾಗುವವರು. ಹೀಗೆ ನಮ್ಮ ಜಗಲಿಯಲ್ಲಿ ಪ್ರತಿ ಭಾನುವಾರ ಅದೇ ಹಳೇ ಬೆಡ್‌ಶೀಟು ಹಾಸಿ, ಅದರ ಸುತ್ತ ಅಷ್ಟೂ ಜನ ಕೂರುವುದು ಒಂದು ರೂಢಿಯಾಗಿಬಿಟ್ಟಿತು. ಮಳೆ ಬರಲಿ, ಕರೆಂಟು ಹೋಗಲಿ, ಯಾರಿಗೂ ಪರಿವೆಯಿರಲಿಲ್ಲ.

ಯಾರು ಏನು ಕಟ್ಟುತ್ತಾರೆ ಎಂಬುದರಲ್ಲಿ ಅವರವರ ಜಾತಕವೇ ಇರುತ್ತಿತ್ತು. ನಮ್ಮ ಯಜಮಾನರು ದಿನವಿಡೀ ಟ್ರಾನ್ಸ್‌ಫಾರ್ಮರ್ ನೋಡಿ ಬಂದವರು, ಭಾನುವಾರವೂ ಟ್ರಾನ್ಸ್‌ಫಾರ್ಮರನ್ನೇ ಕಟ್ಟುತ್ತಿದ್ದರು. ಕಾಮತರದು ದೇವಸ್ಥಾನ. ಎಡಕ್ಕೊಂದು ಕೆಂಪು ಬಂದರೆ ಬಲಕ್ಕೂ ಕೆಂಪೇ ಬೇಕು, ಇಲ್ಲದಿದ್ದರೆ ಅವರಿಗೆ ಚಹಾ ಸೇರುತ್ತಿರಲಿಲ್ಲ. ನಸೀಮಕ್ಕ ಭಟ್ಕಳದ ತಮ್ಮ ಹಳೆಯ ಮನೆ ಕಟ್ಟುವರು. ಕೋಣೆಯ ಹಿಂದೆ ಕೋಣೆ, ಅದರ ಹಿಂದೆ ಇನ್ನೊಂದು, ನಡುವೆ ಬಾವಿ. ಬಾವಿಗೆ ಮಾತ್ರ ಯಾವಾಗಲೂ ನನ್ನ ಬಳೆಯೊಂದನ್ನು ಕಿತ್ತುಕೊಳ್ಳುವರು. ನನ್ನ ಕಥೆ ಕೇಳಬೇಡಿ. ನಾನು ಮನೆ ಕಟ್ಟಲು ಹೊರಟರೂ, ಮಾರುಕಟ್ಟೆ ಕಟ್ಟಲು ಹೊರಟರೂ ಕೊನೆಗೆ ಆಗುತ್ತಿದ್ದದ್ದು ಒಂದು ಗೋಡೆ. "ಮಿರ್ಜಾನದ ಹುಡುಗಿ ಅಲ್ವಾ," ಎನ್ನುತ್ತಿದ್ದರು ಮಾವ, "ಕೋಟೆ ನೋಡಿ ಬೆಳೆದದ್ದು. ಗೋಡೆ ಬಿಟ್ರೆ ಬೇರೆ ಎಂತದೂ ಬರೂದಿಲ್ಲ ಅದ್ಕೆ." ನನ್ನ ತವರು ಮಿರ್ಜಾನ, ನಿಜ. ಆದರೆ ನಾನು ಕೋಟೆಯೊಳಗೆ ಹೋದದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಸಲ, ಅದೂ ಬಿಸಿಲಿಗೆ ತಲೆ ತಿರುಗಿ ಬಿದ್ದವಳನ್ನು ಎತ್ತಿಕೊಂಡು ಬಂದಿದ್ದರು.

ಆಟಕ್ಕೆ ಒಂದೇ ಕಾಯಿದೆ. ಕಟ್ಟಿದ್ದು ಒಂದು ವಾರ ಜಗಲಿಯ ಕಟ್ಟೆಯ ಮೇಲೆ ಮೆರೆಯಬಹುದು. ಮುಂದಿನ ಭಾನುವಾರ ಕೂರುವ ಮೊದಲು ಕಟ್ಟಿದವರೇ ತಮ್ಮ ಕೈಯಿಂದ ಒಡೆದು ರಾಶಿಗೆ ಹಾಕಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಇದನ್ನು ಮಾಡಿದ್ದು ಪೂರ್ವಿ. ಇದ್ದ ಇಟ್ಟಿಗೆ ಅಷ್ಟೇ, ಕೂರುವ ಜನ ಇಷ್ಟು. ಒಡೆಯದಿದ್ದರೆ ಮುಂದಿನ ವಾರ ಕಟ್ಟುವುದು ಎಂತದರಿಂದ? ಕಾಮತರು ತಮ್ಮ ಗೋಪುರ ಒಡೆಯುವಾಗ ಕಣ್ಣು ಮುಚ್ಚಿಕೊಳ್ಳುವರು. ನನ್ನ ಗೋಡೆ ಒಡೆದಾಗ ಮಾತ್ರ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಮಾವ ಬಹಳ ದಿನ ಕಟ್ಟಲು ಕೂರಲಿಲ್ಲ. ಮೂಲೆಯಿಂದಲೇ ತಮಾಷೆ ಮಾಡುತ್ತಿದ್ದರು. ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ದಿನ ಬಲೆ ಕೆಳಗಿಟ್ಟು, ಎಂಟು ಗುಳ್ಳೆಯ ನೀಲಿ ಇಟ್ಟಿಗೆಗಳನ್ನು ಒಂದರ ಹಿಂದೆ ಒಂದು ಉದ್ದಕ್ಕೆ ಜೋಡಿಸುತ್ತ ಹೋದರು.

"ರಸ್ತೆಯಾ ಅಜ್ಜ?" ಪೂರ್ವಿ ಕೇಳಿದಳು.

"ರಸ್ತೆ ಅಲ್ವೆ. ಬೋಟಿನ ಅಡಿಮರ ಇದು. ಮೊದ್ಲು ಇದು ಬೀಳ್ಬೇಕು. ಇದು ಸಮ ಆದ್ರೆ ಉಳಿದದ್ದೆಲ್ಲ ತನ್ನಷ್ಟಕ್ಕೆ ಏಳ್ತದೆ."

ತನ್ನಷ್ಟಕ್ಕೆ ಏಳಲಿಲ್ಲ. ಚೌಕ ಇಟ್ಟಿಗೆಯಿಂದ ಬೋಟಿನ ಹೊಟ್ಟೆ ಉಬ್ಬಿಸುವುದೆಂದರೆ ಅಕ್ಕಿಹಿಟ್ಟಿನಿಂದ ಬಟ್ಟಲು ಮಾಡಿ ಅದರಲ್ಲಿ ಸಾರು ಹಾಕಿದಂತೆ. ಮಾವ ಒಂದೊಂದು ಸಾಲನ್ನೂ ಒಂದು ಗುಳ್ಳೆಯಷ್ಟು ಹೊರಗೆ ಸರಿಸುವ ದಾರಿ ಕಂಡುಕೊಂಡರು. ಕಿತ್ತರು, ಮತ್ತೆ ಕಟ್ಟಿದರು. ಮಾವನದು ಮುಗಿಯುವ ತನಕ ಒಡೆಯುವ ಕಾಯಿದೆ ಇಲ್ಲವೆಂದು ಪೂರ್ವಿ ಅಪ್ಪಣೆ ಕೊಟ್ಟಳು. ಬೋಟು ಒಂದೊಂದೇ ಭಾನುವಾರ ಬೆಳೆಯುತ್ತ ಹೋದಂತೆ ನಮ್ಮ ಪಾಲಿನ ಇಟ್ಟಿಗೆ ಕಡಿಮೆಯಾಗುತ್ತ ಬಂತು. ಯಾರೂ ಗೊಣಗಲಿಲ್ಲ. ಮೂತಿ ಚೂಪು ಮಾಡಲು ಓರೆ ಇಟ್ಟಿಗೆಗಳು ಸಾಲದಾದಾಗ ನಸೀಮಕ್ಕ ತಮ್ಮ ಮನೆಯ ಮಾಡನ್ನೇ ಕಿತ್ತು ಮಾವನ ಮುಂದೆ ಸುರಿದರು.

"ತಗೊಳ್ಳಿ ಅಜ್ಜ, ಎಲ್ಲ ಹಂಚೂ ತಗೊಳ್ಳಿ. ನಮ್ಮನೆ ಸೋರಿದ್ರೂ ಅಡ್ಡಿಲ್ಲ."

"ನಿನ್ನ ಗಂಡ ಬೈದ್ರೆ?"

"ಅವ್ರಿಗೆ ಮನೆ ಸೋರೂದು ಗೊತ್ತಾಗ್ಬೇಕಾದ್ರೆ ಅಂಗಡಿಯಿಂದ ಮನೆಗೆ ಬರ್ಬೇಕಲ್ಲ!"

ಕಾಮತರ ಗೋಪುರವೂ ಹೋಯಿತು, ಟ್ರಾನ್ಸ್‌ಫಾರ್ಮರೂ ಹೋಯಿತು. ಕೊನೆಕೊನೆಗೆ ಎಲ್ಲರೂ ಮಾವನ ಸುತ್ತ ಕೂತು ಕೇಳಿದ್ದನ್ನು ಹುಡುಕಿ ಕೊಡುವುದಷ್ಟೇ ಕೆಲಸ. ನಾನು ಮೊರ ಹಿಡಿದು ಕುಲುಕುತ್ತಿದ್ದೆ. ಈಗ ಯೋಚಿಸಿದರೆ ಅವೇ ನಮ್ಮ ಒಳ್ಳೆಯ ಭಾನುವಾರಗಳು. ಮಾವ ಕೈ ಆಡಿಸುತ್ತ ಹೇಳುತ್ತಿದ್ದ ಮಾತುಗಳನ್ನು, ಇಲ್ಲಿ ಇಂಜಿನ್, ಇಲ್ಲಿ ಐಸು, ಇಲ್ಲಿ ನಾನು ನಿಲ್ಲುವ ಜಾಗ, ನಮ್ಮ ಯಜಮಾನರೂ ಅದುವರೆಗೆ ಕೇಳಿರಲಿಲ್ಲವಂತೆ.

ಬೋಟು ಮುಗಿದದ್ದು ನೂಲ ಹುಣ್ಣಿಮೆಯ ಹೊತ್ತಿಗೆ. ನಮ್ಮ ಕಡೆ ಅಂದು ಸಮುದ್ರಕ್ಕೆ ಕಾಯಿ ಬಿಟ್ಟು, ಬೋಟಿಗೆ ಪೂಜೆ ಮಾಡುತ್ತಾರೆ. ಮಾದೇವಣ್ಣ ತನ್ನ ಬೋಟಿನ ಪೂಜೆ ಮುಗಿಸಿಕೊಂಡು ಬಂದವನು ಕೈಯಲ್ಲಿ ಉಳಿದ ಕಾಯಿ, ಹೂವು ಹಿಡಿದು ಜಗಲಿ ಹತ್ತಿದ.

"ತಾಂಡೇಲ್ರೆ, ಹೊಸ ಬೋಟು ಪೂಜೆ ಇಲ್ದೆ ಇಳಿಸ್ತ್ರಾ? ನಾನು ಕೆಲ್ಸಕ್ಕೆ ಬರೂದಿಲ್ಲ ಹಾಂಗಾದ್ರೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಮಾವನೂ ನಕ್ಕರು. ಪೂರ್ವಿ ಒಳಗೆ ಓಡಿ ಕುಂಕುಮ ತಂದಳು. ಬೋಟಿನ ಮೂತಿಗೆ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ಮಾದೇವಣ್ಣ ಮೆಟ್ಟಿಲ ಮೇಲೆ ಕಾಯಿ ಒಡೆದ. ಹೆಸರು ಎಂತ ಎಂದು ಕಾಮತರು ಕೇಳಿದರು. ಮಾವ ನಗು ನಿಲ್ಲಿಸಿ, ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು, "ಗಂಗಾಪ್ರಸಾದ" ಎಂದರು. ನಸೀಮಕ್ಕ ಮನೆಯಿಂದ ಶಿರಾ ತಂದು ಎಲ್ಲರಿಗೂ ಹಂಚಿದರು. ನಾನು ಫೋಟೋ ತೆಗೆದೆ. ಅದರಲ್ಲಿ ಎಲ್ಲರ ಬಾಯಿ ತುಂಬ ಶಿರಾ, ಮಾವನ ಮುಖ ಮಾತ್ರ ಗಂಭೀರ. ಅದನ್ನು ಗಮನಿಸಿದ್ದು ತುಂಬ ತಡವಾಗಿ.

ಮುಂದಿನ ಭಾನುವಾರ ಬೆಡ್‌ಶೀಟು ಹಾಸಿದೆವು. ಜನ ಬಂದರು. ಪೂರ್ವಿ ಬೋಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಜ್ಜನ ಮುಂದಿಟ್ಟಳು.

"ಅಜ್ಜ, ಈಗ ಒಡಿ."

ಮಾವ ಕೈ ಮುಂದೆ ಚಾಚಿದರು. ಕ್ಯಾಬಿನ್ನಿನ ಮೇಲೆ ಇಟ್ಟರು. ಹಾಗೇ ವಾಪಸು ತೆಗೆದರು.

"ಆಗೂದಿಲ್ಲ ಮಗಾ. ಕಾಯಿ ಒಡ್ದದ್ದು."

ನಮ್ಮ ಮನೆತನದಲ್ಲಿ ಅದೊಂದು ನಡೆ. ಕಾಯಿ ಒಡೆದು ಹೆಸರಿಟ್ಟ ಬೋಟನ್ನು ಮನೆಯವರು ಕೈಯಾರೆ ಒಡೆಯುವುದಿಲ್ಲ. ಹಳತಾದರೆ ಮಾರುತ್ತಾರೆ, ಇಲ್ಲವೇ ಮರಳಿನ ಮೇಲೆ ಎಳೆದು ಬಿಟ್ಟುಬಿಡುತ್ತಾರೆ. ಗಾಳಿ ಮಳೆ ಎಷ್ಟು ತಿನ್ನುತ್ತದೋ ತಿನ್ನಲಿ. ಕೈ ಇಟ್ಟವನ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ.

"ಅಪ್ಪಾ, ಅದು ಪ್ಲಾಸ್ಟಿಕ್," ನಮ್ಮ ಯಜಮಾನರು ನಕ್ಕರು.

"ಬೋಟು ಪ್ಲಾಸ್ಟಿಕ್ಕು. ಒಡ್ದ ಕಾಯಿ ಪ್ಲಾಸ್ಟಿಕ್ಕಾ? ಇಟ್ಟ ಹೆಸ್ರು ಪ್ಲಾಸ್ಟಿಕ್ಕಾ?"

ಮಾದೇವಣ್ಣ ತಲೆ ಕೆರೆದುಕೊಂಡ. ತಮಾಷೆಗೆಂದು ತಂದ ಕಾಯಿ ಅವನದೇ, ಆದರೆ ಅವನೂ ಬೋಟಿನವನೇ. ಮಾವ ಹೇಳಿದ್ದರಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಕಾಮತರು ನೋಡಿದ್ದು ನಸೀಮಕ್ಕನ ಮುಖ. ಇಟ್ಟಿಗೆ ಅವರದಲ್ಲವೇ? ನಸೀಮಕ್ಕ ಕೈ ಬೀಸಿಬಿಟ್ಟರು.

"ಇರ್ಲಿ ಬಿಡಿ ಅಜ್ಜ. ಎಷ್ಟು ಚಂದ ಅದೆ. ನಾವು ಚಾ ಕುಡಿಯುವ."

ಚಹಾ ಕುಡಿದೆವು. ಬೋಟನ್ನು ನೋಡಿದೆವು. ರಾಶಿಯಲ್ಲಿ ಉಳಿದಿದ್ದದ್ದು ಒಂದಿಷ್ಟು ಸಾಸಿವೆ, ನಾಲ್ಕಾರು ಹಪ್ಪಳ. ಅದರಿಂದ ಮಾದೇವಣ್ಣನ ಮಗ ಒಂದು ಸ್ಟೂಲು ಮಾಡಿದ.

ಅದರ ಮುಂದಿನ ಭಾನುವಾರವೂ ಜನ ಬಂದರು, ಸ್ವಲ್ಪ ಕಡಿಮೆ. ನಮ್ಮ ಯಜಮಾನರು ಕುಮಟೆಗೆ ಹೋದಾಗ ಅಂಥದೇ ಕಾಣುವ ಬೇರೆ ಇಟ್ಟಿಗೆಯ ಡಬ್ಬ ತಂದರು. ಅವು ಹಳೆಯದರೊಂದಿಗೆ ಹಿಡಿಯಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ, ಒತ್ತಿದರೆ ಕೂರುತ್ತದೆ, ಎತ್ತಿದರೆ ಬೀಳುತ್ತದೆ. ಕಾಮತರು ಎರಡು ವಾರ ಪಟ್ಟು ಹಿಡಿದು, ಮೂರನೇ ವಾರ ಅಂಗಡಿಯಲ್ಲಿ ಲೆಕ್ಕ ನೋಡುವುದಿದೆ ಎಂದರು. ಬಂದ್ ಮುಗಿದು ಬೋಟುಗಳು ಇಳಿದಿದ್ದವು, ಮಾದೇವಣ್ಣ ಸಮುದ್ರದಲ್ಲಿ. ಮುಂದಿನ ಮಳೆಗಾಲದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಮುಂದಿನ ಮಳೆಗಾಲದಲ್ಲಿ ಮಾದೇವಣ್ಣ ಬೀಡಿಗೆ ಬೆಂಕಿ ಕೇಳಲು ಬಂದ, ಬೋಟಿಗೆ ಕೈ ಮುಗಿದ, ಹೋದ. ಎಲ್ಲರೂ ಎದುರು ಸಿಕ್ಕಾಗ ಮಾತನಾಡುತ್ತೇವೆ. ಜಗಳವಲ್ಲ, ಮುನಿಸಲ್ಲ. ಕೈಗೆ ಕೆಲಸವಿಲ್ಲದೆ ಸುಮ್ಮನೆ ಒಬ್ಬರ ಮನೆಯ ಜಗಲಿಯಲ್ಲಿ ಅರ್ಧ ದಿನ ಕೂರುವುದು ಹೇಗೆ ಎಂಬುದು ಯಾರಿಗೂ ತಿಳಿಯದು, ಅಷ್ಟೇ.

ಪೂರ್ವಿ ಒಂದೆರಡು ಸಲ ನನ್ನನ್ನು ಕೇಳಿದಳು. "ಅಮ್ಮಾ, ಅಜ್ಜ ಒಡೆದ್ರೆ ಎಲ್ಲರೂ ಮತ್ತೆ ಬರ್ತಾರಾ?" ಬರುತ್ತಾರೆ ಎಂದೆ. ಆ ಮಾತು ಮೂಲೆಯಲ್ಲಿದ್ದ ಮಾವನ ಕಿವಿಗೂ ಬಿದ್ದಿರಬೇಕು. ಅಂದು ಸಂಜೆ ಅವರು ಬೋಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಇಟ್ಟರು. ನಂತರ ಪೂರ್ವಿಗೆ ಹೈಸ್ಕೂಲು, ಟ್ಯೂಷನ್ನು. ಅವಳು ಕೇಳುವುದನ್ನು ಬಿಟ್ಟಳು.

ನಸೀಮಕ್ಕನ ಯಜಮಾನರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಭಟ್ಕಳಕ್ಕೆ ಮರಳುವುದೆಂದು ತೀರ್ಮಾನಿಸಿದಾಗ, ಹೊರಡುವ ದಿನ ಮಾವ ಬೋಟನ್ನು ಎತ್ತಿಕೊಂಡು ಹೋಗಿ ಅವರ ಕೈಗೇ ಕೊಟ್ಟರು.

"ನಿನ್ನ ಇಟ್ಟಿಗೆ. ನೀನು ಗಂಟು ಕಟ್ಟಿ ಕೊಟ್ಟಿದ್ದೆ, ನಾನು ಬೋಟು ಮಾಡಿ ವಾಪಸ್ ಕೊಡ್ತೆ."

"ಯಾ ಅಲ್ಲಾ, ಬೇಡ ಅಜ್ಜ! ಇದು ನಿಮ್ದು."

"ಬೋಟು ಮನೇಲಿ ಕೂತ್ಕೊಂಡ್ರೆ ಎಂತಕ್ಕೆ? ತಕಂಡು ಹೋಗು."

ನಸೀಮಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕಾರಿನಲ್ಲಿ ಕೂತರು. ಶೋಕೇಸಿನಲ್ಲಿ ಇಟ್ಟಿದ್ದೇನೆ ಎಂದು ಫೋಟೋ ಕಳಿಸಿದರು. ಮಾವನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿ, "ಮೂತಿ ಗೋಡೆ ಕಡೆ ಮಾಡಿಟ್ಟದೆ. ಹೊರಗೆ ಮಾಡೂಕೆ ಹೇಳು" ಎಂದರು. ಹೇಳಿದೆ. ಅವರು ಮಾಡಿದರು.

ಈ ವರ್ಷ ಬೇಸಿಗೆಯಲ್ಲಿ ಮುಟ್ಟಳ್ಳಿಯಲ್ಲಿ ನೆಂಟರ ಮನೆಯ ಮದುವೆಗೆ ಹೋದವಳು, ಹಾಗೇ ಭಟ್ಕಳ ಪೇಟೆಯ ಹತ್ತಿರ ನಸೀಮಕ್ಕನ ಮನೆಗೂ ಹೋದೆ. ದುಬೈಯಿಂದ ಅವರ ಮಗಳು, ಮೊಮ್ಮಗಳು ಬಂದಿದ್ದರು. ಬಾಗಿಲು ತೆರೆದ ನಸೀಮಕ್ಕನ ಮುಖ ನನ್ನನ್ನು ಕಂಡು ಅರಳಿ, ಮರುಕ್ಷಣವೇ ಪೆಚ್ಚಾಯಿತು.

"ಬಾ ಶಾಲಿನಿ... ಅರೆ, ಫೋನ್ ಮಾಡಿ ಬರ್ಬೇಕಿತ್ತಲ್ಲ..."

ಅವರ ಹೆಗಲ ಆಚೆಯಿಂದ ನೋಡಿದೆ. ನಡುಮನೆಯಲ್ಲಿ ಒಂದು ಬೆಡ್‌ಶೀಟು. ಅದರ ಸುತ್ತ ನಸೀಮಕ್ಕನ ಮಗಳು, ಇಬ್ಬರು ಸೊಸೆಯಂದಿರು, ಪಕ್ಕದ ಮನೆಯ ಮಕ್ಕಳು, ಗೋಡೆಗೆ ಒರಗಿ ಅವರ ಯಜಮಾನರು. ನಡುವೆ ಎರಡು ಜಡೆಯ ಮೊಮ್ಮಗಳು ಝೋಯಾ. ಬೆಡ್‌ಶೀಟಿನ ತುಂಬ ಕೆಂಪು, ನೀಲಿ, ಹಳದಿ, ಬಿಳಿ.

"ನಾನು ಒಳಗೆ ನಮಾಜಿಗೆ ಹೋಗಿದ್ದೆ ಮಾರಾಯ್ತಿ," ನಸೀಮಕ್ಕ ನನ್ನ ಕೈ ಹಿಡಿದುಕೊಂಡರು. "ಬಂದು ನೋಡಿದ್ರೆ ಶೋಕೇಸ್ ಖಾಲಿ. ಅವ್ಳಿಗೆ ಎಂತ ಗೊತ್ತು? ಸಣ್ಣದು. ಅಜ್ಜನಿಗೆ ಹೇಳ್ಬೇಡ, ಅಲ್ಲಾನಾಣೆ ಹೇಳ್ಬೇಡ."

ಝೋಯಾ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಆಂಟಿ, ಕೂತ್ಕೊಳ್ಳಿ. ನೀವು ಎಂತ ಮಾಡ್ತೀರಿ?" ಮದುವೆಯ ರೇಷ್ಮೆ ಸೀರೆಯಲ್ಲೇ ಕೂತೆ. ಸಂಜೆಯ ಬಸ್ಸಿನ ಹೊತ್ತಾಗುವ ತನಕ ಕಟ್ಟಿದೆ. ಗೋಡೆಯೇ ಆಯಿತು.

ಮನೆಗೆ ಬಂದಾಗ ಮಾವ ಜಗಲಿಯಲ್ಲಿದ್ದರು. ಬಲೆ ಹೆಣೆಯಲು ಈಗ ಕಣ್ಣು ಸಾಲದು, ಸುಮ್ಮನೆ ಕೂರುತ್ತಾರೆ. ಮದುವೆಯ ಊಟ ಕೇಳಿದರು, ನಸೀಮಕ್ಕನ ಆರೋಗ್ಯ ಕೇಳಿದರು. ಆಮೇಲೆ ಕೇಳಿದರು.

"ಬೋಟು ಹ್ಯಾಂಗದೆ?"

ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ಸುಳ್ಳನ್ನು ಜೋಡಿಸಿಟ್ಟುಕೊಂಡಿದ್ದೆ. ಬಾಯಿಗೆ ಬರಲಿಲ್ಲ.

"ಒಡೆದದೆ ಮಾವ. ಮೊಮ್ಮಗಳು, ಗೊತ್ತಿಲ್ದೆ."

ಮಾವ ಕಂಬಕ್ಕೆ ಒರಗಿದ್ದವರು ನೆಟ್ಟಗಾದರು. "ಆ ಹುಡುಗಿಗೆ ಎಂತದೂ ಆಗ್ಲಿಲ್ವಲ್ಲ?"

"ಎಂತ ಆಗೂದು ಮಾವ. ಐಸ್‌ಕ್ರೀಮ್ ತಿಂತಾ ಇತ್ತು."

"ಮತ್ತೆ ಎಂತ ಕಟ್ತು ಅದ್ರಿಂದ?"

"ಒಂಟೆ."

"ಒಂಟೆಯಾ!" ಮಾವ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. "ಗಂಗಾಪ್ರಸಾದ ಹೋಗಿ ಒಂಟೆ ಆತಾ!" ಕಣ್ಣು ಒರೆಸಿಕೊಂಡು ಕೇಳಿದರು. "ಮನೆಯವ್ರೆಲ್ಲ ಕೂತಿದ್ರಾ?"

"ಎಲ್ಲರೂ. ಅಕ್ಕಪಕ್ಕದವರೂ. ನಾನೂ ಕೂತೆ."

ಮಾವ ನಮ್ಮ ಜಗಲಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಗುಡಿಸಿ ಒರೆಸಿದ ಕೆಂಪು ನೆಲ, ಒಂದು ಜೊತೆ ಚಪ್ಪಲಿ. ನಾನು ಒಳಗೆ ಹೋಗಲು ತಿರುಗಿದಾಗ ಕರೆದರು.

"ತಂಗಿ."

"ಹಾಂ ಮಾವ."

"ಹಾಂಗಾದ್ರೆ ಆ ಭಾನುವಾರ ನಾನೇ ಒಡೀಬಹುದಿತ್ತು. ಅಲ್ವಾ?"

ಸೀರೆ ಬದಲಾಯಿಸುವ ನೆಪ ಹೇಳಿ ಒಳಗೆ ಬಂದೆ. ಪೂರ್ವಿ ಒಲೆಯ ಮೇಲೆ ಮೀನಿನ ಸಾರು ಇಟ್ಟಿದ್ದಳು. ಉಪ್ಪು ಹಾಕಿದೆ. ಅವಳು ಮೊದಲೇ ಹಾಕಿದ್ದಳೆಂದು ಆಮೇಲೆ ತಿಳಿಯಿತು. ಊಟಕ್ಕೆ ಕೂತಾಗ ಮಾವ ಒಂದು ತುತ್ತು ಕಲಸಿ ಬಾಯಿಗಿಟ್ಟು, ನೀರು ಕುಡಿದು, ಇನ್ನೊಂದು ತುತ್ತು ಕಲಸಿದರು.